ಕಾದ ಕ್ಯಾಮೆರಾ, ಕಾಯುವ ನಾವು

ಭಾಗ 1/9: ಧಾರೆ ಹೊತ್ತಲ್ಲಿ ಸ್ಕ್ರೀನ್ ಕಪ್ಪು

ಹೋದ ಸೀರೀಸ್ ಮುಗಿದ ಮೇಲೆ "ಮುಂದಿಂದು ಕ್ಯಾಮೆರಾ ಬಗ್ಗೆ ಹಾಕು" ಅಂತ ಸುಮಾರು ಜನ ಮೆಸೇಜ್ ಮಾಡಿದ್ರಿ. ಲೆನ್ಸ್ ಬಗ್ಗೆನೋ ಬ್ರ್ಯಾಂಡ್ ಬಗ್ಗೆನೋ ಬರೀತೀನಿ ಅನ್ಕೊಂಡಿರ್ತೀರ. ನಾನು ಬರೀತಿರೋದು ಬಿಸಿ ಬಗ್ಗೆ. ಯಾಕೆ ಅಂತ ಮೊದಲೇ ಹೇಳ್ಬಿಡ್ತೀನಿ.

ಏಪ್ರಿಲ್ ಕೊನೇ ವಾರ. ಹಿರಿಯೂರು ಹತ್ರ ದೊಡ್ಡಪ್ಪನ ಊರಲ್ಲಿ ಅಕ್ಕನ ಮದುವೆ. ಮನೆ ಮುಂದೇನೇ ಶಾಮಿಯಾನ. ಹೊರಗಡೆಯಿಂದ ಯಾರನ್ನೂ ಕರೆಸೋದು ಬೇಡ, "ಮನೇಲೇ ಒಬ್ರು ಇದ್ದಾರಲ್ಲ" ಅಂತ ದೊಡ್ಡಪ್ಪ ವಿಡಿಯೋ ಕೆಲಸ ನಂಗೇ ವಹಿಸಿದ್ರು. ಸೀನಿಯರ್ ಒಬ್ರ ಹತ್ರ ಕ್ಯಾಮೆರಾ ಇಸ್ಕೊಂಡು ಹೋದೆ.

ಬೆಳಗ್ಗೆ 9:40ಕ್ಕೆ ಟ್ರೈಪಾಡ್ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಮುಹೂರ್ತ ಇದ್ದಿದ್ದು 10:30ರ ಮೇಲೆ. ಏನೂ ಮಿಸ್ ಆಗ್ಬಾರ್ದು ಅಂತ, ಪುರೋಹಿತರು ದರ್ಭೆ ಹುಡುಕಿದ್ದರಿಂದ ಹಿಡಿದು ಮಕ್ಕಳು ಅಕ್ಷತೆ ಎರಚಾಡಿದ್ದರವರೆಗೆ ಎಲ್ಲಾನೂ 4ಕೆ, 60 ಫ್ರೇಮ್‌ನಲ್ಲಿ ಹಿಡೀತಾ ಹೋದೆ. ಶಾಮಿಯಾನದ ನೆರಳು ಮೆಲ್ಲಗೆ ಸರಿದು ಕ್ಯಾಮೆರಾ ಬಿಸಿಲಿಗೆ ಬಿದ್ದಿದ್ದು ಗಮನಕ್ಕೇ ಬರಲಿಲ್ಲ. ಸ್ಕ್ರೀನ್ ಮೂಲೇಲಿ ಥರ್ಮಾಮೀಟರ್ ಗುರುತು ಬಂತು. ಇರ್ಲಿ ಬಿಡು ಅಂದ್ಕೊಂಡೆ.

ಅಕ್ಕ ಭಾವನ ಕೈಲಿ ತೆಂಗಿನಕಾಯಿ. ದೊಡ್ಡಪ್ಪ ತಂಬಿಗೆ ಎತ್ತಿದ್ರು. ಗಟ್ಟಿಮೇಳ ಶುರುವಾಯ್ತು. ಸ್ಕ್ರೀನ್ ಕಪ್ಪಾಯ್ತು.

ಮತ್ತೆ ಆನ್ ಮಾಡಿದ್ರೆ, ತಣ್ಣಗಾಗೋಕೆ ಬಿಡಿ ಅನ್ನೋ ಒಂದೇ ಒಂದು ಸಾಲು. ಕ್ಯಾಮೆರಾ ಮುಟ್ಟಿ ನೋಡಿದೆ, ಕಾದ ಹೆಂಚಿನಂಗಿತ್ತು. ಅದು ಮತ್ತೆ ಎದ್ದಾಗ ತಾಳಿ ಕಟ್ಟಿ ಆಗಿತ್ತು.

ನಮ್ಮ ಭಾಷೇಲಿ 'ಕಾಯೋದು' ಅಂದ್ರೆ ಬಿಸಿಯಾಗೋದೂ ಹೌದು, ದಾರಿ ನೋಡ್ತಾ ನಿಲ್ಲೋದೂ ಹೌದು. ಅವತ್ತು ಎರಡೂ ಆಯ್ತು. ಸಂಜೆ ಊಟಕ್ಕೆ ಕೂತಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಧಾರೆ ಎರೆದಿದ್ದು ಬಂದಿದ್ಯಾ?"

ಆಮೇಲೆ ಒಂದು ತಿಂಗಳು ಇದನ್ನೇ ಓದ್ತಾ ಕೂತೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟ ಆಗ್ತಾ ಹೋಯ್ತು. ಕ್ಯಾಮೆರಾದ ಚರಿತ್ರೆಯಲ್ಲಿ ಬಿಸಿಯನ್ನ ಯಾರೂ ಮಾಯ ಮಾಡಿಲ್ಲ. ಬೇರೆ ಯಾರಿಗಾದ್ರೂ, ಬೇರೆ ಎಲ್ಲಿಗಾದ್ರೂ ದಾಟಿಸಿದ್ದಾರೆ ಅಷ್ಟೇ. ಬಿಕಾಂ ಭಾಷೇಲಿ ಹೇಳ್ಬೇಕಂದ್ರೆ ಬಿಸಿ ಅನ್ನೋದು ಸಾಲ. ಯಾರ ಖಾತೆಗೆ ಬರ್ಕೊಂಡ್ರು ಅನ್ನೋದೇ ಇತಿಹಾಸ. 

ಭಾಗ 2/9: ಬೇಲೂರು, ಹಳೇಬೀಡು, 1854

ಶುರು ಮಾಡೋಣ ನಮ್ಮೂರಿಂದಲೇ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನೋರು ವೆಟ್ ಕೊಲೋಡಿಯನ್ ಅನ್ನೋ ವಿಧಾನ ಪ್ರಕಟಿಸಿದ್ರು. ಗಾಜಿನ ಮೇಲೆ ರಾಸಾಯನಿಕ ಸುರಿದು, ಅದು ಒದ್ದೆ ಇರುವಾಗಲೇ ಫೋಟೋ ತೆಗೆದು, ಒದ್ದೆ ಇರುವಾಗಲೇ ತೊಳೀಬೇಕು. ತಣ್ಣನೆ ದೇಶದಲ್ಲಿ ಹತ್ತು ಹದಿನೈದು ನಿಮಿಷ ಸಿಗ್ತಿತ್ತು. ನಮ್ಮ ಬಿಸಿಲಲ್ಲಿ ಅದು ಎಷ್ಟು ಬೇಗ ಒಣಗುತ್ತೆ ಅಂತ, ಹಪ್ಪಳ ಒಣಗಿಸಿದ ಮನೆಯವರಿಗೆ ಬೇರೆ ಹೇಳ್ಬೇಕಾಗಿಲ್ಲ. ಅಂದ್ರೆ ಫೋಟೋಗ್ರಫಿಗೆ ಬಿಸಿ ಹಾಕಿದ ಮೊದಲ ಟೈಮರ್ ಇದು. ಕ್ಯಾಮೆರಾದಲ್ಲಿ ಬ್ಯಾಟರಿನೇ ಇಲ್ಲದ ಕಾಲದಲ್ಲೇ 'ಇಷ್ಟೇ ನಿಮಿಷ' ಅನ್ನೋ ಲೆಕ್ಕ ಇತ್ತು.

ಅದಕ್ಕೆ ಇಲ್ಲಿ ಕೆಲಸ ಮಾಡಿದ ಕೆಲವರು ಗಾಜು ಬಿಟ್ಟು ಕಾಗದ ಹಿಡಿದ್ರು. ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಅಂಥವರಲ್ಲಿ ಒಬ್ರು. 1854ರ ಡಿಸೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ದೇವಸ್ಥಾನಗಳ ಫೋಟೋ ತೆಗೆದ್ರು. ಮಾರನೇ ವರ್ಷ ಬರ್ಮಾಗೆ ಹೋಗಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ಹಿಡಿದು, ವಾಪಸ್ ಬಂದು ಬೆಂಗಳೂರಲ್ಲಿ ಅವನ್ನ ಮುದ್ರಿಸಿದ್ರು. ಮೇಣದ ಕಾಗದದ ಅನುಕೂಲ ಏನು ಗೊತ್ತಾ? ಮೊದಲೇ ತಯಾರಿ ಮಾಡಿ ಇಟ್ಕೋಬಹುದು, ತೆಗೆದ ಮೇಲೂ ಕೂಡಲೇ ತೊಳೀಬೇಕು ಅಂತಿಲ್ಲ. ಬದಲಿಗೆ ಎಕ್ಸ್‌ಪೋಷರ್ ನಿಮಿಷಗಟ್ಟಲೆ ಬೇಕು, ಗಾಜಿನಷ್ಟು ಚೂಪಾದ ವಿವರ ಬರಲ್ಲ.

ಅಂದ್ರೆ ಬಿಸಿಯ ಬೆಲೆಯನ್ನ ಅವರು ತೆತ್ತಿದ್ದು ಚಿತ್ರದ ಗುಣಮಟ್ಟದಲ್ಲಿ, ತಾಳ್ಮೆಯಲ್ಲಿ. ಇವತ್ತು ನಾವು 4ಕೆ ಬಿಟ್ಟು 1080ಕ್ಕೆ ಇಳೀತೀವಲ್ಲ, ಲೆಕ್ಕ ಅದೇ.

ಆಮೇಲೆ ಬಂದಿದ್ದು ಜೆಲಟಿನ್ ಫಿಲ್ಮ್. ಜೆಲಟಿನ್ ಅಂದ್ರೆ ಜೆಲ್ಲಿ ತರ, ಬೆಚ್ಚನೆ ನೀರಲ್ಲಿ ಮೆತ್ತಗಾಗುತ್ತೆ. ಬೇಸಿಗೆಯಲ್ಲಿ ಡೆವಲಪ್ ಮಾಡೋವಾಗ ಚಿತ್ರವೇ ಗಾಜಿಂದ ಜಾರಿ ಬರೋ ಭಯ. ಅದಕ್ಕೆ ರಾತ್ರಿ ಹೊತ್ತು ತೊಳೆಯೋದು, ಐಸ್ ಹಾಕೋದು, ಪಟಿಕ ಸೇರಿಸಿ ಗಟ್ಟಿ ಮಾಡೋದು. ಬ್ರಿಟಿಷ್ ಕಂಪನಿಗಳು 'ಟ್ರಾಪಿಕಲ್' ಅಂತಲೇ ತೇಗದ ಮರಕ್ಕೆ ಹಿತ್ತಾಳೆ ಪಟ್ಟಿ ಬಿಗಿದ ಕ್ಯಾಮೆರಾ ಮಾರಿದ್ವು. ಯಾಕಂದ್ರೆ ಸಾಮಾನ್ಯ ಮರದ ಕ್ಯಾಮೆರಾ ಇಲ್ಲಿನ ಸೆಕೆಗೆ ಸೊಟ್ಟಗಾಗಿ, ಅಂಟು ಬಿಟ್ಕೊಳ್ತಿತ್ತು.

ಈ ಕಾಲದಲ್ಲಿ ಬಿಸಿ ಬರ್ತಿದ್ದು ಹೊರಗಿಂದ. ಇದನ್ನ ನೆನಪಿಟ್ಕೊಳ್ಳಿ, ಭಾಗ 5ರಲ್ಲಿ ಬೇಕಾಗುತ್ತೆ.

ಭಾಗ 3/9: 'ಐಸ್ ಬಾಕ್ಸ್' ಒಳಗೆ ಬೆವರಿದ ಮನುಷ್ಯ

1927ರ ಅಕ್ಟೋಬರ್, ಅಮೆರಿಕ. 'ದ ಜಾಝ್ ಸಿಂಗರ್' ಬಿಡುಗಡೆ ಆಯ್ತು. ಸಿನಿಮಾ ಮಾತಾಡೋಕೆ ಶುರು ಮಾಡ್ತು. ಎಲ್ಲಾ ಸ್ಟುಡಿಯೋಗಳೂ ಟಾಕಿ ಹಿಂದೆ ಓಡಿದ್ವು. ಒಂದೇ ಸಮಸ್ಯೆ: ಅಂದಿನ ಫಿಲ್ಮ್ ಕ್ಯಾಮೆರಾ ಓಡಿದ್ರೆ ಹೊಲಿಗೆ ಮಷೀನ್ ತರ ಸದ್ದು. ಮೈಕ್‌ನಲ್ಲಿ ನಾಯಕಿ ಮಾತಿಗಿಂತ ಕ್ಯಾಮೆರಾ ಮಾತೇ ಜಾಸ್ತಿ ಕೇಳೋದು.

ಪರಿಹಾರ? ಕ್ಯಾಮೆರಾ ಮತ್ತು ಕ್ಯಾಮೆರಾಮನ್ ಇಬ್ರನ್ನೂ ಸದ್ದು ಹೊರಗೆ ಬರದ ಒಂದು ಪೆಟ್ಟಿಗೆ ಒಳಗೆ ಹಾಕಿ ಬಾಗಿಲು ಮುಚ್ಚೋದು. ಮುಂದೆ ಒಂದು ಗಾಜಿನ ಕಿಟಕಿ, ಅಷ್ಟೇ. ಫ್ಯಾನ್ ಹಾಕಂಗಿಲ್ಲ, ಅದೂ ಸದ್ದು ಮಾಡುತ್ತೆ. ಹೊರಗೆ ಸ್ಟುಡಿಯೋ ದೀಪಗಳ ಕಾವು, ಒಳಗೆ ಮೋಟಾರಿನ ಕಾವು, ಜೊತೆಗೆ ಮನುಷ್ಯನ ಮೈ ಕಾವು. ಇಂಥ ಪೆಟ್ಟಿಗೆಗೆ ಸ್ಟುಡಿಯೋ ಮಂದಿ ಇಟ್ಟ ಹೆಸರು 'ಐಸ್ ಬಾಕ್ಸ್'! ನಮ್ ಹುಡುಗರು ದಡೂತಿ ಫ್ರೆಂಡ್‌ಗೆ 'ಕಡ್ಡಿ' ಅಂತ ಕರೀತಾರಲ್ಲ, ಹಂಗೆ.

ಸಾವಿರ ಅಡಿ ಫಿಲ್ಮ್ ನಿಮಿಷಕ್ಕೆ 90 ಅಡಿ ಲೆಕ್ಕದಲ್ಲಿ ಓಡಿದ್ರೆ ಸುಮಾರು 11 ನಿಮಿಷ. ಟೇಕ್ ಮುಗಿದ ತಕ್ಷಣ ಬಾಗಿಲು ತೆಗೆದು, ಬೆವರಲ್ಲಿ ತೊಯ್ದ ಕ್ಯಾಮೆರಾಮನ್ ಹೊರಗೆ ಬಂದು ಉಸಿರು ಎಳ್ಕೊಳ್ತಿದ್ರು. ಒಳಗೇ ತಲೆ ಸುತ್ತಿ ಬಿದ್ದವರೂ ಇದ್ರು. ಕೆಲವೇ ವರ್ಷಗಳಲ್ಲಿ ಬ್ಲಿಂಪ್ ಬಂತು, ಅಂದ್ರೆ ಕ್ಯಾಮೆರಾಗೆ ಮಾತ್ರ ಹೊದಿಸೋ ಸದ್ದು ತಡೆಯೋ ಕವಚ. ಮನುಷ್ಯ ಹೊರಗೆ ಬಂದ.

ಆದ್ರೆ ಬಿಸಿ ಸೆಟ್ ಬಿಟ್ಟು ಹೋಗಲಿಲ್ಲ. 1930ರ ದಶಕದ ಟೆಕ್ನಿಕಲರ್ ಕ್ಯಾಮೆರಾ ಬಣ್ಣಗಳನ್ನ ಮೂರು ಬೇರೆ ಬೇರೆ ಫಿಲ್ಮ್ ಪಟ್ಟಿಗಳಲ್ಲಿ ಹಿಡೀತಿತ್ತು, ಅದಕ್ಕೆ ರಾಶಿ ರಾಶಿ ಬೆಳಕು ಬೇಕಿತ್ತು. 1939ರ 'ದ ವಿಝರ್ಡ್ ಆಫ್ ಆಝ್' ಸೆಟ್‌ನಲ್ಲಿ ಶಾಖ 38 ಡಿಗ್ರಿ ದಾಟ್ತಿತ್ತು. ಆ ಕಾವಲ್ಲಿ ಬರ್ಟ್ ಲಾರ್ ಅನ್ನೋ ನಟ ಅಸಲಿ ಸಿಂಹದ ಚರ್ಮದಿಂದ ಮಾಡಿದ ಭಾರೀ ವೇಷ ತೊಟ್ಟು ಹಾಡಿ ಕುಣಿದ್ರು. ಪರದೆ ಮೇಲೆ ನೋಡಿದ್ರೆ ಬರೀ ಮುದ್ದು ಸಿಂಹ.

ಖಾತೆ ಪುಸ್ತಕ ತೆಗೆದು ನೋಡಿ. ಈ ಅಧ್ಯಾಯದಲ್ಲಿ ಸಾಲ ತೀರಿಸಿದ್ದು ಯಂತ್ರ ಅಲ್ಲ, ಮನುಷ್ಯರು.

ಭಾಗ 4/9: ಚಂದ್ರನ ಮೇಲೆ ಬೆಳ್ಳಿ ಬಣ್ಣ

1969. ಅಪೊಲೊ 11ರಲ್ಲಿ ಚಂದ್ರನ ನೆಲ ಮುಟ್ಟಿದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಕಪ್ಪಗಿರಲಿಲ್ಲ, ಬೆಳ್ಳಿ ಬಣ್ಣದ್ದು. ಶೋಕಿಗಲ್ಲ. ನೆರಳಲ್ಲಿ ಸೊನ್ನೆಗಿಂತ 65 ಡಿಗ್ರಿ ಕೆಳಗೆ, ಬಿಸಿಲಲ್ಲಿ 120 ಡಿಗ್ರಿಗೂ ಮೇಲೆ, ಇಂಥ ಎರಡು ತುದಿ ತಡ್ಕೊಳ್ಳೋಕೆ ಅದನ್ನ ತಯಾರು ಮಾಡಿದ್ರು. ಬೆಳ್ಳಿ ಮೇಲ್ಮೈ ಬಿಸಿಲನ್ನ ವಾಪಸ್ ಎಸೆಯುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಭೂಮಿ ಮೇಲೆ ಬಿಸಿಯಾದ ವಸ್ತು ತಣ್ಣಗಾಗೋಕೆ ಮೂರು ದಾರಿ: ಮುಟ್ಟಿದ ವಸ್ತುವಿಗೆ ದಾಟಿಸೋದು, ಗಾಳಿಗೆ ಕೊಡೋದು, ಕಿರಣವಾಗಿ ಹೊರಗೆ ಸೂಸೋದು. ಚಂದ್ರನಲ್ಲಿ ಗಾಳಿ ಇಲ್ಲ. ದೊಡ್ಡ ದಾರಿನೇ ಬಂದ್. ಹಂಗಾಗಿ ಬಿಸಿ ಒಳಗೆ ಬರದಂಗೆ ನೋಡ್ಕೊಳ್ಳೋದೇ ಜಾಣತನ.

ಇದೇ ವರ್ಷ ನವೆಂಬರ್‌ನಲ್ಲಿ ಅಪೊಲೊ 12. ಈ ಸಲ ಕಲರ್ ಟಿವಿ ಕ್ಯಾಮೆರಾ. ಭೂಮಿ ಮೇಲೆ ಜನ ಟಿವಿ ಮುಂದೆ ಕೂತಿದ್ದಾರೆ. ಗಗನಯಾತ್ರಿ ಅಲನ್ ಬೀನ್ ಕ್ಯಾಮೆರಾನ ಟ್ರೈಪಾಡ್‌ಗೆ ಸಾಗಿಸೋವಾಗ ಅದರ ಮುಖ ಒಂದು ಕ್ಷಣ ಸೂರ್ಯನ ಕಡೆ ತಿರುಗ್ತು. ಒಳಗಿನ ಚಿತ್ರ ಹಿಡಿಯೋ ಟ್ಯೂಬ್ ಸುಟ್ಟು ಹೋಯ್ತು. ಬೀನ್ ಸುತ್ತಿಗೆಯಲ್ಲಿ ತಟ್ಟಿ ನೋಡಿದ್ರು, ನಮ್ಮ ಅಜ್ಜ ಹಳೇ ಟಿವಿಗೆ ಕೊಡ್ತಿದ್ದಂಗೆ. ಏನೂ ಪ್ರಯೋಜನ ಆಗಲಿಲ್ಲ. ಆ ಯಾತ್ರೆಯ ಚಂದ್ರನಡಿಗೆಯ ನೇರಪ್ರಸಾರ ಅಲ್ಲಿಗೇ ಮುಗೀತು. ಮಾತು ಕೇಳ್ತಿತ್ತು, ಚಿತ್ರ ಇರಲಿಲ್ಲ.

ಇದನ್ನ ಓದಿದಾಗ ನಿಜ ಹೇಳ್ತೀನಿ, ನಂಗೆ ಸ್ವಲ್ಪ ಸಮಾಧಾನ ಆಯ್ತು. ಶಾಮಿಯಾನದಲ್ಲಿ ಅಷ್ಟೇ ಅಲ್ಲ, ಚಂದ್ರನ ಮೇಲೂ ಮುಖ್ಯವಾದ ಹೊತ್ತಿಗೇ ಕೈ ಕೊಟ್ಟಿದೆ.

ಭೂಮಿಗೆ ವಾಪಸ್ ಬರೋಣ. ಕ್ರಿಕೆಟ್ ಮ್ಯಾಚ್‌ನಲ್ಲಿ ಬೌಂಡರಿ ಆಚೆ ಸಾಲಾಗಿ ಕೂರೋ ಫೋಟೋಗ್ರಾಫರ್‌ಗಳ ದೊಡ್ಡ ಲೆನ್ಸ್ ಬೆಳ್ಳಗಿರುತ್ತಲ್ಲ, ಅದರ ಹಿಂದೆಯೂ ಇದೇ ಲೆಕ್ಕ. ಕ್ಯಾನನ್ 1969ರಲ್ಲಿ ಫ್ಲೋರೈಟ್ ಹರಳು ಬಳಸಿದ 300 ಎಂಎಂ ಲೆನ್ಸ್ ತಂತು. ಫ್ಲೋರೈಟ್ ಬಣ್ಣಗಳನ್ನ ಚೊಕ್ಕವಾಗಿ ಒಂದೆಡೆ ಸೇರಿಸುತ್ತೆ, ಆದ್ರೆ ಬಿಸಿಗೆ ಗಾಜಿಗಿಂತ ಜಾಸ್ತಿ ಹಿಗ್ಗುತ್ತೆ. ಹಿಗ್ಗಿದ್ರೆ ಫೋಕಸ್ ಜರುಗುತ್ತೆ. ಅದಕ್ಕೇ ಅವರ ದೊಡ್ಡ ಲೆನ್ಸ್‌ಗಳಿಗೆ ಬಿಳಿ ಬಣ್ಣ. ಬೇಸಿಗೇಲಿ ಕಪ್ಪು ಟೀಶರ್ಟ್ ಬಿಟ್ಟು ಬಿಳಿ ಪಂಚೆ ಉಡೋ ತಾತನ ಬುದ್ಧಿ.

ಭಾಗ 5/9: ಬಿಸಿ ಮನೆ ಒಳಗೇ ಹುಟ್ಟಿದ್ದು

ಇಲ್ಲೀವರೆಗೂ ಬಿಸಿ ಹೊರಗಿನ ಶತ್ರು. ಈಗ ಕಥೆ ತಿರುಗುತ್ತೆ.

ಮತ್ತೆ 1969. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಕಂಡುಹಿಡಿದ್ರು. ಬೆಳಕನ್ನ ವಿದ್ಯುತ್ತಾಗಿ ಬದಲಿಸಿ ಸಾಲು ಸಾಲಾಗಿ ಎಣಿಸೋ ಚಿಪ್. ಇದಕ್ಕೇ ಅವರಿಗೆ 2009ರಲ್ಲಿ ನೊಬೆಲ್ ಬಂತು. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಇಂಥ ಚಿಪ್ ಇಟ್ಟು ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ್ರು. ತೂಕ 3.6 ಕಿಲೋ. ಚಿತ್ರ 100 ಸಾಲು, ಸಾಲಿಗೆ 100 ಚುಕ್ಕಿ, ಕಪ್ಪು ಬಿಳುಪು. ಒಂದು ಫೋಟೋ ಕ್ಯಾಸೆಟ್‌ಗೆ ಸೇವ್ ಆಗೋಕೆ 23 ಸೆಕೆಂಡ್.

ಫಿಲ್ಮ್ ಕ್ಯಾಮೆರಾ ಸುಮ್ನೆ ಬೆಳಕು ಹಿಡೀತಿತ್ತು. ಡಿಜಿಟಲ್ ಕ್ಯಾಮೆರಾ ಲೆಕ್ಕ ಮಾಡುತ್ತೆ. ಲೆಕ್ಕ ಮಾಡೋದಕ್ಕೆ ಕರೆಂಟ್ ಬೇಕು, ಆ ಕರೆಂಟ್ ಕೊನೆಗೆ ಬಿಸಿಯಾಗೇ ಹೊರಬರುತ್ತೆ. ಬೆಂಕಿ ಮನೆ ಒಳಗೇ ಹತ್ತಿದಂಗಾಯ್ತು.

ಬಿಸಿ ಜಾಸ್ತಿ ಆದ್ರೆ ಕ್ಯಾಮೆರಾ ಆಫ್ ಆಗುತ್ತೆ ಅನ್ನೋದು ಕೊನೇ ಮಾತು. ಅದಕ್ಕೂ ಮುಂಚೆನೇ ಒಂದು ತೊಂದರೆ ಶುರುವಾಗಿರುತ್ತೆ. ಬೆಳಕು ಬೀಳದೇ ಇದ್ರೂ, ಬರೀ ಶಾಖಕ್ಕೇ ಸೆನ್ಸರ್‌ನಲ್ಲಿ ಎಲೆಕ್ಟ್ರಾನ್ ಬಿಡುಗಡೆ ಆಗ್ತವೆ. ಇದಕ್ಕೆ ಡಾರ್ಕ್ ಕರೆಂಟ್ ಅಂತ ಹೆಸರು. ಸುಮಾರು 6ರಿಂದ 8 ಡಿಗ್ರಿ ಏರಿದ್ರೆ ಇದು ದುಪ್ಪಟ್ಟು. ಕತ್ತಲ ವಿಡಿಯೋದಲ್ಲಿ ಬಣ್ಣ ಬಣ್ಣದ ಚುಕ್ಕೆ ಕುಣೀತವಲ್ಲ, ಅದರಲ್ಲಿ ಇದರದ್ದೂ ಪಾಲಿದೆ. ಇಲ್ಲದ ಬೆಳಕನ್ನ ಕ್ಯಾಮೆರಾ ಕಂಡೆ ಅನ್ನುತ್ತೆ. ಜ್ವರ ಬಂದವರು ಬಡಬಡಿಸಿದಂಗೆ.

ಈ ಜ್ವರಕ್ಕೆ ಮೊದಲು ಮದ್ದು ಹುಡುಕಿದವರು ಖಗೋಳ ವಿಜ್ಞಾನಿಗಳು. ಅವರ ಶೂಟಿಂಗ್ ಅಂದ್ರೆ ಒಂದೊಂದು ಫ್ರೇಮ್ ನಿಮಿಷಗಟ್ಟಲೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಹೊರಗಡೆನೇ ಕೊರೆಯೋ ಚಳಿ. ಆದ್ರೂ ಅದರ ಸಿಸಿಡಿ ತಣ್ಣಗಿಡೋಕೆ ದ್ರವ ಸಾರಜನಕ ತುಂಬ್ತಾರೆ. ಅದು ಕುದಿಯೋದೇ ಸೊನ್ನೆಗಿಂತ 196 ಡಿಗ್ರಿ ಕೆಳಗೆ!

ಆ ಟೆಲಿಸ್ಕೋಪ್‌ನ ಉಪಗ್ರಹ ಸಂಪರ್ಕದಲ್ಲಿ ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ. ಬೆಳಗಿನ ಜಾವ ಬಿರಿಯಾನಿಗೆ ಅಂತ ಹೋಗ್ತೀರಲ್ಲ, ಅದೇ ಹೊಸಕೋಟೆ. ನೀವು ಕ್ಯೂನಲ್ಲಿ ನಿಂತ ಹೊತ್ತಿಗೆ ಅಲ್ಲೇ ಹತ್ತಿರದಲ್ಲಿ ಯಾರೋ ಲಡಾಖಿನ ಆಕಾಶ ನೋಡ್ತಿರ್ತಾರೆ.

ಅವರ ಹತ್ರ ದ್ರವ ಸಾರಜನಕ ಇದೆ. ಮದುವೆ ಮನೇಲಿ ನಮ್ಮ ಹತ್ರ ಇರೋದು ಪಾನಕ.

ಭಾಗ 6/9: 29 ನಿಮಿಷ 59 ಸೆಕೆಂಡ್ (ಬಿಕಾಂ ಫ್ರೆಂಡ್ಸ್ ಇದನ್ನ ಬಿಡ್ಬೇಡಿ)

2008ರಲ್ಲಿ ಫೋಟೋ ಕ್ಯಾಮೆರಾಗಳು ವಿಡಿಯೋ ಮಾಡೋಕೆ ಕಲಿತ್ವು. ಆಗಸ್ಟ್‌ನಲ್ಲಿ ನಿಕಾನ್ ಡಿ90, ಸೆಪ್ಟೆಂಬರ್‌ನಲ್ಲಿ ಕ್ಯಾನನ್ 5ಡಿ ಮಾರ್ಕ್ 2. ಎರಡನೇದರಲ್ಲಿ ಫುಲ್ ಎಚ್‌ಡಿ ಕ್ಲಿಪ್ ಸುಮಾರು 12 ನಿಮಿಷಕ್ಕೆ ನಿಲ್ತಿತ್ತು. ಕಾರಣ ಬಿಸಿ ಅಲ್ಲ. ಕಾರ್ಡ್‌ನಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದು ಆಗಂಗಿರಲಿಲ್ಲ.

ಆಮೇಲೆ ಬಂದ ಕ್ಯಾಮೆರಾಗಳಲ್ಲಿ ಹೊಸ ಗೋಡೆ: 29:59. ಸರಿಯಾಗಿ ಅರ್ಧ ಗಂಟೆಗೆ ಒಂದು ಸೆಕೆಂಡ್ ಕಮ್ಮಿ. "ಸೆನ್ಸರ್ ಬಿಸಿಯಾಗುತ್ತೆ, ಅದಕ್ಕೆ" ಅಂತ ಎಲ್ರೂ ಎಲ್ರಿಗೂ ಹೇಳ್ತಿದ್ರು. ನಂಗೂ ಹಂಗೇ ಹೇಳಿದ್ರು, ನಾನೂ ಜೂನಿಯರ್ಸ್‌ಗೆ ಹಂಗೇ ಹೇಳಿದ್ದೆ. ಸಾರಿ.

ಅಸಲಿ ಕಾರಣ ಕಸ್ಟಮ್ಸ್ ಸುಂಕ. 1996ರ ವಿಶ್ವ ವ್ಯಾಪಾರ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದದಲ್ಲಿ ಡಿಜಿಟಲ್ ಫೋಟೋ ಕ್ಯಾಮೆರಾಗೆ ಸುಂಕ ಸೊನ್ನೆ. ಆದ್ರೆ ಯುರೋಪಿಯನ್ ಒಕ್ಕೂಟದಲ್ಲಿ ವಿಡಿಯೋ ಕ್ಯಾಮೆರಾಗೆ 4.9 ಶೇಕಡಾ ಇತ್ತು. ಹಾಗಾದ್ರೆ ಎರಡೂ ಮಾಡೋ ಕ್ಯಾಮೆರಾನ ಯಾವ ಖಾನೆಗೆ ಹಾಕೋದು? ಒಂದೇ ಸಲಕ್ಕೆ 30 ನಿಮಿಷ ಅಥವಾ ಜಾಸ್ತಿ, ಒಂದು ಮಟ್ಟದ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿದ್ರೆ ಅದು ವಿಡಿಯೋ ಕ್ಯಾಮೆರಾ ಅಂತ ಗೆರೆ ಎಳೆದ್ರು. ಕಂಪನಿಗಳು ಗೆರೆಗೆ ಒಂದು ಸೆಕೆಂಡ್ ಈಚೆ ನಿಂತ್ವು. ಕೆಲವು ಪ್ಯಾನಾಸಾನಿಕ್ ಮಾಡೆಲ್‌ಗಳಲ್ಲಿ ಯುರೋಪಿನ ಆವೃತ್ತಿಗೆ ಈ ಮಿತಿ ಇತ್ತು, ಅಮೆರಿಕದ ಆವೃತ್ತಿಗೆ ಇರಲಿಲ್ಲ. ಅದೇ ಕ್ಯಾಮೆರಾ, ಅದೇ ಸೆನ್ಸರ್. ಬಿಸಿ ಪಾಸ್‌ಪೋರ್ಟ್ ನೋಡ್ಕೊಂಡು ಬರುತ್ತಾ?

2015ರಲ್ಲಿ ನೈರೋಬಿಯಲ್ಲಿ ಆ ಒಪ್ಪಂದಕ್ಕೆ ಇನ್ನೂ 201 ಸರಕು ಸೇರಿಸಿದ್ರು. ವಿಡಿಯೋ ಕ್ಯಾಮೆರಾ ಮೇಲಿನ ಸುಂಕ ಹಂತ ಹಂತವಾಗಿ ಹೋಯ್ತು. ನಿಧಾನಕ್ಕೆ 29:59 ಕೂಡ ಮಾಯ ಆಗ್ತಾ ಬಂತು. 2022ರ ಕ್ಯಾನನ್ ಆರ್6 ಮಾರ್ಕ್ 2ರಲ್ಲಿ ಒಂದು ಕ್ಲಿಪ್ 6 ಗಂಟೆವರೆಗೂ ಹೋಗಬಹುದು.

ಇದರಿಂದ ನಾನು ಕಲಿತಿದ್ದು: ಕ್ಯಾಮೆರಾ ನಿಂತ ತಕ್ಷಣ ಬಿಸಿ ಮೇಲೆ ತಪ್ಪು ಹೊರಿಸಬೇಡಿ. ಫೈಲ್ ಮಿತಿನಾ, ತೆರಿಗೆ ಮಿತಿನಾ, ಬಿಸಿನಾ ಅಂತ ಮೊದಲು ನೋಡಿ. ಮೂರಕ್ಕೂ ಮದ್ದು ಬೇರೆ ಬೇರೆ. 29:59ಕ್ಕೆ ನಿಂತ್ರೆ ಮತ್ತೆ ರೆಕಾರ್ಡ್ ಒತ್ತಿದ್ರೆ ಸಾಕು. ಬಿಸಿಗೆ ನಿಂತ್ರೆ ಎಷ್ಟು ಒತ್ತಿದ್ರೂ ಏಳಲ್ಲ.

ತಮಾಷೆ ಏನಂದ್ರೆ ತೆರಿಗೆಯ ಗೋಡೆ ಬಿದ್ದ ಮೇಲೇನೇ ಬಿಸಿಯ ಗೋಡೆ ಎಲ್ರಿಗೂ ಕಾಣಿಸಿದ್ದು.

ಭಾಗ 7/9: 2020, 23 ಡಿಗ್ರಿಯ ಲೆಕ್ಕ

2020ರ ಜುಲೈ. ಕ್ಯಾನನ್ ಆರ್5 ಬಂತು. ಕೈಲಿ ಹಿಡಿಯೋ ಕ್ಯಾಮೆರಾದಲ್ಲಿ 8ಕೆ ವಿಡಿಯೋ! 8ಕೆ ಅಂದ್ರೆ ಒಂದು ಫ್ರೇಮ್‌ಗೆ ಸುಮಾರು 3.3 ಕೋಟಿ ಚುಕ್ಕಿ, ಸೆಕೆಂಡಿಗೆ 30 ಫ್ರೇಮ್. ಹತ್ತಿರ ಹತ್ತಿರ 100 ಕೋಟಿ ಚುಕ್ಕಿಗಳನ್ನ ಪ್ರತಿ ಸೆಕೆಂಡ್ ಓದಿ, ಕುಗ್ಗಿಸಿ, ಕಾರ್ಡಿಗೆ ಬರೀಬೇಕು. ಸ್ಯಾಸನ್ ಅವರ ಕ್ಯಾಮೆರಾಗೆ 10 ಸಾವಿರ ಚುಕ್ಕಿಗೆ 23 ಸೆಕೆಂಡ್ ಬೇಕಿತ್ತು ಅನ್ನೋದು ನೆನಪಿದೆಯಲ್ಲ.

ಕಂಪನಿಯೇ ಕೊಟ್ಟ ಲೆಕ್ಕ ಇದು: 8ಕೆ ಸುಮಾರು 20 ನಿಮಿಷ. 4ಕೆ 120 ಫ್ರೇಮ್ ಸುಮಾರು 15 ನಿಮಿಷ. ಬಿಸಿಯಾಗಿ ನಿಂತ ಮೇಲೆ 10 ನಿಮಿಷ ಸುಧಾರಿಸಿಕೊಂಡ್ರೆ 8ಕೆ ಮತ್ತೆ 3 ನಿಮಿಷ. ಇದೆಲ್ಲ ಸುತ್ತ 23 ಡಿಗ್ರಿ ಇದ್ದಾಗ. ಹಿರಿಯೂರಲ್ಲಿ 23 ಡಿಗ್ರಿ ಬೇಕು ಅಂದ್ರೆ ಮದುವೆನ ಡಿಸೆಂಬರ್ ಬೆಳಗ್ಗೆ ಇಡ್ಬೇಕು.

ಬಳಕೆದಾರರು ಸಿಟ್ಟಾದ್ರು. ಕೆಲವರು ಕ್ಯಾಮೆರಾ ಬಿಚ್ಚಿ ಒಳಗೆ ಶಾಖ ಸಾಗಿಸೋ ಪ್ಯಾಡ್ ಅಂಟಿಸಿದ್ರು. ಕ್ಯಾಮೆರಾ ನಿಜವಾದ ಶಾಖಕ್ಕಿಂತ ಗಡಿಯಾರದ ಅಂದಾಜನ್ನೇ ಜಾಸ್ತಿ ನಂಬ್ತಿದೆ ಅಂತ ವಾದಿಸಿದ್ರು. ಆಗಸ್ಟ್ ಕೊನೆಗೆ ಬಂದ ಫರ್ಮ್‌ವೇರ್‌ನಲ್ಲಿ ಪರಿಸ್ಥಿತಿ ಸ್ವಲ್ಪ ಸುಧಾರಿಸ್ತು.

ಒಳಗೆ ಯಾಕಿಷ್ಟು ಕಾಯುತ್ತೆ? ಮೂರು ಒಲೆ: ಸೆನ್ಸರ್, ಪ್ರೊಸೆಸರ್, ಮೆಮೊರಿ ಕಾರ್ಡ್. ಬ್ಯಾಟರಿನೂ ಸ್ವಲ್ಪ ಸೇರಿಸಿ. ನೀರು, ಧೂಳು ಬರದಂಗೆ ಬಾಡಿಗೆ ರಬ್ಬರ್ ಸೀಲ್ ಹಾಕಿರ್ತಾರೆ. ಧೂಳು ಬರದ ದಾರೀಲಿ ಗಾಳಿನೂ ಬರಲ್ಲ. ಇನ್ನೊಂದು, ಕೈ ನಡುಗಿದ್ರೂ ಚಿತ್ರ ನಿಲ್ಲಲಿ ಅಂತ ಸೆನ್ಸರ್‌ನ ತೇಲೋ ತರ ಜೋಡಿಸಿರ್ತಾರೆ. ತೇಲ್ತಿರೋದನ್ನ ಲೋಹಕ್ಕೆ ಗಟ್ಟಿಯಾಗಿ ಅಂಟಿಸಿ ಬಿಸಿ ಹೀರೋದು ಕಷ್ಟ. ಒಂದು ಅನುಕೂಲ ಕೊಟ್ಟಿದ್ದು ಇನ್ನೊಂದನ್ನ ಕಿತ್ಕೊಂಡಿದೆ.

ಒಬ್ಬೊಬ್ಬ ಕಂಪನಿಯದ್ದು ಒಂದೊಂದು ದಾರಿ. ಸಿಗ್ಮಾ ಎಫ್‌ಪಿಯಲ್ಲಿ (2019) ಬಾಡಿಗೂ ಸ್ಕ್ರೀನ್‌ಗೂ ನಡುವೆ ಹೀಟ್ ಸಿಂಕ್. ಪ್ಯಾನಾಸಾನಿಕ್ ಎಸ್1ಎಚ್‌ನಲ್ಲಿ (2019) ಫ್ಯಾನ್. ಸೋನಿ ಎ7ಎಸ್ 3ರಲ್ಲಿ (2020) ಫ್ಯಾನ್ ಇಲ್ಲ, ಗ್ರಾಫೈಟ್ ಬಳಸಿ ಬಿಸಿ ಹರಡೋ ಭಾಗ. ಸೆನ್ಸರ್ ಚುಕ್ಕಿಗಳೂ ಕಮ್ಮಿ. ಫ್ಯೂಜಿಫಿಲ್ಮ್ ಎಕ್ಸ್-ಎಚ್2ಎಸ್‌ಗೆ (2022) ಹಿಂದೆ ಸಿಕ್ಕಿಸೋ ಫ್ಯಾನ್. ಕ್ಯಾನನ್ ಕೂಡ 2022ರಲ್ಲಿ ಫ್ಯಾನ್ ಇರೋ ಆರ್5 ಸಿ ತಂತು, 2024ರ ಆರ್5 ಮಾರ್ಕ್ 2ಕ್ಕೆ ಫ್ಯಾನ್ ಇರೋ ಗ್ರಿಪ್ ಕೊಟ್ತು.

ಫ್ಯಾನ್ ಬಂದ್ರೆ ದಪ್ಪ ಜಾಸ್ತಿ, ಸದ್ದು ಜಾಸ್ತಿ, ಬ್ಯಾಟರಿ ಖರ್ಚು ಜಾಸ್ತಿ. 1928ರಲ್ಲಿ ಫ್ಯಾನ್ ಬೇಡ ಅಂದಿದ್ದೂ ಸದ್ದಿಗೇ ತಾನೆ? ನೂರು ವರ್ಷ ಆಗ್ತಾ ಬಂತು, ಜಗಳ ಅದೇ.

ಭಾಗ 8/9: ಸರಿ, ನಾವೇನು ಮಾಡ್ಬೇಕು? (ಸೇವ್ ಮಾಡ್ಕೊಳ್ಳಿ)

ಇತಿಹಾಸ ಓದಿದ್ದು ಪರೀಕ್ಷೆಗಲ್ಲ, ಮುಂದಿನ ಶೂಟಿಗೆ. ಬೇರೆಯವರ ಅನುಭವ ಕೇಳಿ, ನಾನೂ ಮಾಡಿ ನೋಡಿ ಬರೀತಿದೀನಿ.

ಮೊದಲನೇದು, ಬಿಸಿನ ಉಳಿತಾಯ ಖಾತೆ ತರ ನೋಡಿ. ಕ್ಯಾಮೆರಾಗೆ ಇಂತಿಷ್ಟು ಬಿಸಿ ತಡ್ಕೊಳ್ಳೋ ಶಕ್ತಿ ಇರುತ್ತೆ. ನಾನು ಅದನ್ನ ದರ್ಭೆ ಹುಡುಕೋದಕ್ಕೆ ಖರ್ಚು ಮಾಡಿಬಿಟ್ಟೆ, ಧಾರೆಗೆ ಬ್ಯಾಲೆನ್ಸ್ ಇರಲಿಲ್ಲ. ಪುರೋಹಿತರ ಹತ್ರ ಮೊದಲೇ ಹೋಗಿ "ಮುಖ್ಯವಾದ್ದು ಯಾವಾಗ?" ಅಂತ ಕೇಳಿ. ಅದಕ್ಕೂ ಮುಂಚೆ ಸಣ್ಣ ಸಣ್ಣ ಕ್ಲಿಪ್ ತೆಗೆದು ಆಫ್ ಮಾಡಿ. ರೆಕಾರ್ಡ್ ಮಾಡದೇ ಬರೀ ಆನ್ ಇಟ್ರೂ ಸೆನ್ಸರ್ ಓಡ್ತಿರುತ್ತೆ, ಕಾಯ್ತಿರುತ್ತೆ.

ಎರಡನೇದು, ದೊಡ್ಡ ಸಂಖ್ಯೆ ಆಸೆ ಬಿಡಿ. ನಿಧಾನ ಚಲನೆ ಬೇಡ ಅಂದ್ರೆ 60 ಫ್ರೇಮ್ ಯಾಕೆ? 25 ಸಾಕು. ಗಂಟೆಗಟ್ಟಲೆ ಭಾಷಣ, ನಾಟಕಕ್ಕೆ 1080 ಧಾರಾಳ. ಟ್ರೈಪ್ ಕಾಗದ ಆರಿಸ್ಕೊಂಡಂಗೆ.

ಮೂರನೇದು, ನೆರಳು. ಕ್ಯಾಮೆರಾಗೆ ಕೊಡೆ ಹಿಡೀರಿ, ನಿಮಗಲ್ಲ. ಕೊಡೆ ತಿಳಿ ಬಣ್ಣದ್ದಾದ್ರೆ ಒಳ್ಳೇದು. ಬಟ್ಟೆ ಮೇಲೆ ಇಳಿಬಿಡಿ, ಆದ್ರೆ ಸುತ್ತಬೇಡಿ, ಗಾಳಿ ಆಡಬೇಕು. ನೆರಳು ಸರಿಯುತ್ತೆ ಅನ್ನೋದನ್ನ ಮರೀಬೇಡಿ, ಒಂದು ಗಂಟೆ ಆದ ಮೇಲೆ ಬಿಸಿಲು ಎಲ್ಲಿರುತ್ತೆ ಅಂತ ನೋಡಿ ಟ್ರೈಪಾಡ್ ಇಡಿ. ಬಿಸಿಲಲ್ಲಿ ನಿಂತ ಕಾರಲ್ಲಿ ಕ್ಯಾಮೆರಾ ಬಿಟ್ಟು ಊಟಕ್ಕೆ ಹೋಗಬೇಡಿ. ಶುರುವಾಗೋಕೆ ಮುಂಚೆನೇ ಅರ್ಧ ಸೋತಿರ್ತೀರ.

ನಾಲ್ಕನೇದು, ಸ್ಕ್ರೀನ್‌ನ ಬಾಡಿಯಿಂದ ಹೊರಗೆ ತಿರುಗಿಸಿ ಇಡಿ, ಬೆನ್ನಿಗೆ ಗಾಳಿ ತಾಗುತ್ತೆ. ಬ್ರೈಟ್‌ನೆಸ್ ಇಳಿಸಿ, ವೈಫೈ ಆಫ್ ಮಾಡಿ. ಕರೆಂಟ್ ಹತ್ತಿರ ಇದ್ರೆ ಡಮ್ಮಿ ಬ್ಯಾಟರಿ ಹಾಕಿ.

ಐದನೇದು, ಕೆಲವು ಕ್ಯಾಮೆರಾಗಳಲ್ಲಿ ಆಟೋ ಪವರ್ ಆಫ್ ಟೆಂಪರೇಚರ್ ಅಂತ ಸೆಟ್ಟಿಂಗ್ ಇದೆ. ಅದನ್ನ 'ಹೈ' ಮಾಡಿದ್ರೆ ಜಾಸ್ತಿ ಹೊತ್ತು ಓಡುತ್ತೆ. ಆದ್ರೆ ಟ್ರೈಪಾಡ್ ಮೇಲೆ ಮಾತ್ರ. ಆ ಬಿಸಿ ಆಗ ನಿಮ್ಮ ಅಂಗೈ ಖಾತೆಗೆ ಬರುತ್ತೆ, ಹೆಚ್ಚು ಹೊತ್ತು ಹಿಡಿದ್ರೆ ಚರ್ಮ ಸುಡಬಹುದು.

ಆರನೇದು, ಕಾದ ಕ್ಯಾಮೆರಾನ ಫ್ರಿಜ್‌ಗೆ, ಐಸ್ ಪೆಟ್ಟಿಗೆಗೆ ಹಾಕಬೇಡಿ. ತಣ್ಣಗಾದ ಗಾಜು, ಲೋಹದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತೆ, ಒಳಗೂ ಕೂರುತ್ತೆ. ಆಫ್ ಮಾಡಿ, ನೆರಳಲ್ಲಿ, ಟೇಬಲ್ ಫ್ಯಾನ್ ಮುಂದೆ ಇಡಿ. ಕಾರ್ಡ್, ಬ್ಯಾಟರಿ ಹೊರಗೆ ತೆಗೆದು ಬಾಗಿಲು ತೆರೆದಿಡಿ, ಧೂಳು ಮಾತ್ರ ನೋಡ್ಕೊಳ್ಳಿ.

ಕೊನೇದು, ಎರಡನೇ ಕಣ್ಣು. ಹಳೇ ಫೋನ್ ಆದ್ರೂ ಸರಿ, ಇನ್ನೊಂದು ಕಡೆಯಿಂದ ಓಡಲಿ. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಫೋನ್‌ಗೂ ಇದೇ ಜ್ವರ ಬರುತ್ತೆ, ಒಟ್ಟಿಗೆ ಶುರುವಾದದ್ದು ಒಟ್ಟಿಗೇ ಮಲಗಬಹುದು.

ಭಾಗ 9/9: ಧಾರೆ

ಹೋದ ಭಾನುವಾರ ಮತ್ತೆ ಊರಿಗೆ ಹೋಗಿದ್ದೆ. ಮದುವೆ ವಿಡಿಯೋ ಜೋಡಿಸಿ ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು. ಅದರಲ್ಲಿ ಎಲ್ಲಾ ಇತ್ತು, ಧಾರೆ ಒಂದು ಬಿಟ್ಟು. ಆ ಜಾಗದಲ್ಲಿ ಫೋಟೋ ಹಾಕಿ ನಾದಸ್ವರ ಸೇರಿಸಿದ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.

ದೊಡ್ಡಪ್ಪಗೆ ಗೊತ್ತಾಯ್ತು. ಏನೂ ಅನ್ನಲಿಲ್ಲ. ನೀರು ಕುಡಿಯೋಕೆ ಅಂತ ಎದ್ದು ಹೋದ್ರು.

ಅಷ್ಟು ಹೊತ್ತು ಅಕೌಂಟ್ಸ್ ಜೋಕ್ ಮಾಡ್ಕೊಂಡು ಬಂದೆ, ಸಾಲ, ಖಾತೆ, ಬ್ಯಾಲೆನ್ಸ್ ಅಂತ. ಆ ಬೆಳಗ್ಗೆಯ ಬಿಸಿಯ ಸಾಲ ಯಾರ ಖಾತೆಗೆ ಹೋಯ್ತು ಅಂತ ಅವತ್ತು ಕಣ್ಣಾರೆ ನೋಡಿದೆ. ನನ್ನ ಖಾತೆಗಲ್ಲ, ಕ್ಯಾಮೆರಾ ಖಾತೆಗಲ್ಲ. ಕ್ಯಾಮೆರಾ ತಣ್ಣಗಾಗಿ ಸರಿಹೋಯ್ತು. ನಾನು ಸೀರೀಸ್ ಬರೆದೆ. ತೀರಿಸಿದ್ದು ಅವರು.

ಆಮೇಲೆ ಒಂದು ಕೆಲಸ ಮಾಡಿದೆ. ಮೊದಲೇ ಮಾಡಬೇಕಿತ್ತು, ನಾಚಿಕೆಯಿಂದ ಯಾರನ್ನೂ ಕೇಳಿರಲಿಲ್ಲ. ಕುಟುಂಬದ ಗ್ರೂಪ್‌ನಲ್ಲಿ ಬರೆದೆ: ಧಾರೆ ಹೊತ್ತಲ್ಲಿ ನನ್ನ ಕ್ಯಾಮೆರಾ ನಿಂತು ಹೋಗಿತ್ತು, ಯಾರ ಫೋನ್‌ನಲ್ಲಾದ್ರೂ ಇದ್ರೆ ಕಳಿಸಿ. ರಾತ್ರಿ ಹತ್ತಕ್ಕೆ ಚಳ್ಳಕೆರೆ ಅತ್ತೆ ಒಂದು ವಿಡಿಯೋ ಕಳಿಸಿದ್ರು. ಅವರ ಮಗ, ನಾಲ್ಕನೇ ಕ್ಲಾಸ್, ಅಮ್ಮನ ಫೋನ್ ಕಿತ್ಕೊಂಡು ತೆಗೆದಿದ್ದಂತೆ. 1 ನಿಮಿಷ 50 ಸೆಕೆಂಡ್. ಒಂದು ಮೂಲೇಲಿ ಪೂರ್ತಿ ಅವನ ಹೆಬ್ಬೆರಳು. ಯಾರದ್ದೋ ಸೊಂಟ ಅಡ್ಡ ಬರುತ್ತೆ. ಅವನು ಕುಳ್ಳ, ಹಂಗಾಗಿ ಮುಖಗಳಿಗಿಂತ ಕೈಗಳೇ ಕಾಣ್ತವೆ. ಅಕ್ಕನ ಕೈ, ಭಾವನ ಕೈ, ತೆಂಗಿನಕಾಯಿ, ಮೇಲಿಂದ ಬೀಳೋ ನೀರು. ದೊಡ್ಡಪ್ಪನ ಕೈ ನಡುಗ್ತಿರೋದು.

ನನ್ನ ಟ್ರೈಪಾಡ್ ಇದ್ದ ಜಾಗದಿಂದ ಆ ನಡುಕ ಕಾಣ್ತಿರಲಿಲ್ಲ.

ಬೆಳಗ್ಗೆ ದೊಡ್ಡಪ್ಪಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನಾಲ್ಕು ಸಲ ನೋಡಿದ್ರು. "ನೀರಿನ ಸದ್ದೂ ಕೇಳ್ಸುತ್ತಲ್ಲೋ ಇದ್ರಲ್ಲಿ" ಅಂದ್ರು. ಗಟ್ಟಿಮೇಳದ ಗಲಾಟೆಯಲ್ಲಿ ನಂಗಂತೂ ಕೇಳಿಸಲಿಲ್ಲ. ಅವರಿಗೆ ಕೇಳಿಸ್ತು.

ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ಫ್ರೆಂಡ್ ಅಣ್ಣನ ಮದುವೆ ಇದೆ. ಒಂದು ತಿಳಿ ಬಣ್ಣದ ಕೊಡೆ ತಗೊಂಡಿದೀನಿ. ಚಳ್ಳಕೆರೆ ಅತ್ತೆ ಮಗನ್ನೂ ಕರ್ಕೊಂಡು ಹೋಗೋಣ ಅಂತಿದೀನಿ.

ನಿಮ್ಮ ಕ್ಯಾಮೆರಾ ಅಥವಾ ಫೋನ್ ಯಾವ ಹೊತ್ತಲ್ಲಿ ಕೈ ಕೊಟ್ಟಿತ್ತು? ಕಾಮೆಂಟ್‌ನಲ್ಲಿ ಹೇಳಿ, ಎಲ್ಲಾನೂ ಓದ್ತೀನಿ. ಈ ಬೇಸಿಗೇಲಿ ಶೂಟ್ ಇರೋ ಫ್ರೆಂಡ್‌ಗೆ ಭಾಗ 8 ಕಳ್ಸಿ.

#ಕ್ಯಾಮೆರಾಇತಿಹಾಸ #ಕಾದಕ್ಯಾಮೆರಾ #ಕನ್ನಡದಲ್ಲಿಇತಿಹಾಸ #ಬಿಕಾಂಬರಹ